ಅಕ್ಟೋಬರಿಗೆ ಬರಬೇಕಾಗಿದ್ದ ಕೂಸು

ಮಾರ್ಚ್ ೩

ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಇಂದು ಮೊದಲ ಸಲ ಪೆನ್ನು ಹಿಡಿದೆ. ಅಕ್ಷರ ಸ್ಪಷ್ಟವಾಗಿ ಕಾಣುತ್ತಿದೆ. ಬಸ್ಸು ಓಡಿಸುವುದು ಬಿಟ್ಟು ಎಷ್ಟೋ ವರ್ಷವಾದರೂ ದಿನ ಮುಗಿದಾಗ ನಾಲ್ಕು ಸಾಲು ಗೀಚುವ ಡಿಪೋ ಚಾಳಿ ಬಿಟ್ಟಿಲ್ಲ.

ಬರುವ ಭಾನುವಾರ ಅಕ್ಕನ ಮನೆಗೆ ಹೊರಡುವವನಿದ್ದೆ. ಚೀಲ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದೇನೆ. ಕಣ್ಣಿನ ನೆಪದಲ್ಲಿ ಮಗನ ಮನೆಯಲ್ಲಿ ಉಳಿದದ್ದೇ ಹೆಚ್ಚಾಯಿತು. ಮಗ ಹಡಗಿನ ಇಂಜಿನ್ ಕೆಲಸಕ್ಕೆ ಹೋಗಿಬಿಟ್ಟ, ಇನ್ನು ಬರುವುದು ಅಕ್ಟೋಬರಿಗೆ. ಹೆಂಡತಿಯನ್ನು ಕಳೆದುಕೊಂಡ ಮಾವ, ಗಂಡ ದೂರದಲ್ಲಿರುವ ಸೊಸೆ, ಎರಡು ಕೋಣೆಯ ಮನೆ. ಒಬ್ಬರಿಗೊಬ್ಬರು ಅಡ್ಡ ಬರದಂತೆ ಓಡಾಡುವುದೇ ಒಂದು ಉದ್ಯೋಗ.

ಬೆಳಿಗ್ಗೆ ಟೀ ಸೋಸುತ್ತಿದ್ದೆ. ಬಚ್ಚಲಿನಿಂದ ಸೊಸೆ ಕರೆದಳು. ಅವಳು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಕೊಳದ ಆ ದಡಕ್ಕೆ ಕೇಳಿಸುವಂಥ ಗಂಟಲು. ಇಂದು ಆ ಗಂಟಲಿರಲಿಲ್ಲ.

“ಮಾವ, ಸ್ವಲ್ಪ ಬಾಗಿಲ ಹತ್ರ ಬನ್ನಿ. ಒಳಗೆ ಬರ್ಬೇಡಿ.”

ಹೋಗಿ ನಿಂತೆ. ಆಚೆ ಅವಳು, ಈಚೆ ನಾನು, ಕೈಯಲ್ಲಿ ಟೀ ಜಾಲರಿ.

“ನಿಮಗೆ ಹೇಳಿರ್ಲಿಲ್ಲ. ನನಗೆ ಎರಡು ತಿಂಗಳು. ಈಗ ರಕ್ತ ಹೋಗ್ತಿದೆ.”

ಎರಡು ತಿಂಗಳೆನ್ನುವುದು ನನಗೆ ಹೊಸ ಸುದ್ದಿಯೇನಲ್ಲ. ಟೀ ವಾಸನೆಗೆ ಮೂಗು ಮುಚ್ಚಿಕೊಂಡು ಓಡುವುದನ್ನು ಕಂಡೂ ಕಾಣದವನಂತಿದ್ದೆ. ಮೂರು ತುಂಬಿದ ಮೇಲೆ ಅವರಾಗಿಯೇ ಹೇಳುತ್ತಾರೆ, ಆಗ ಆಶ್ಚರ್ಯಪಟ್ಟರಾಯಿತು ಎಂದುಕೊಂಡಿದ್ದೆ. ಎರಡನೆಯ ಮಾತಿಗೆ ಮಾತ್ರ ಸಿದ್ಧನಿರಲಿಲ್ಲ. ನಿನ್ನ ತಾಯಿಗೆ ಫೋನ್ ಮಾಡಲೇ ಎಂದೆ. ಬೇಡವೆಂದಳು. ಅವಳ ತಂದೆ ಲಕ್ವ ಹೊಡೆದು ಮಲಗಿದ್ದಾರೆ. ಆ ತಾಯಿ ಆ ಹಾಸಿಗೆ ಬಿಟ್ಟು ಅಲ್ಲಾಡುವಂತಿಲ್ಲ. ಹೆಣ್ಣು ದಿಕ್ಕು ಎಂದು ಯಾರೂ ಇಲ್ಲ. ಇರುವವನು ನಾನೊಬ್ಬ.

ಟ್ಯಾಕ್ಸಿಯವನಿಗೆ ಉಬ್ಬು ಬಂದಲ್ಲೆಲ್ಲ ನಿಧಾನ ಎಂದು ಹೇಳಿ ಬೈಸಿಕೊಂಡೆ. ಸ್ಕ್ಯಾನ್ ಕೋಣೆಯ ಹೊರಗೆ ಗೋಡೆ ನೋಡುತ್ತ ಕೂತೆ. ಆಮೇಲೆ ಡಾಕ್ಟರಮ್ಮ ನನ್ನನ್ನೂ ಒಳಗೆ ಕರೆದರು. ಎದೆಬಡಿತ ಕಾಣುತ್ತಿದೆಯಂತೆ. ಗರ್ಭಚೀಲದ ಪಕ್ಕದಲ್ಲಿ ಸ್ವಲ್ಪ ಹೆಪ್ಪುಗಟ್ಟಿದೆಯಂತೆ, ಅದೇ ಜಿನುಗುತ್ತಿರಬಹುದು. ಹೀಗಾದವರಲ್ಲಿ ಹೆಚ್ಚಿನವರಿಗೆ ಮಗು ಉಳಿಯುತ್ತದೆ, ಆದರೆ ಉಳಿದೇ ಉಳಿಯುತ್ತದೆ ಎಂದು ಯಾರೂ ಬರೆದುಕೊಡಲಾರರು ಎಂದರು. ಈಜಿದ್ದರಿಂದ ಆಯಿತೇ ಎಂದು ಸೊಸೆ ಕೇಳಿದಳು. “ನೀವು ಮಾಡಿದ್ದರಿಂದ ಏನೂ ಆಗಿಲ್ಲ. ಮಲಗಿದ್ರೆ ನಿಲ್ಲತ್ತೆ ಅಂತಾನೂ ಇಲ್ಲ” ಎಂದರು ಡಾಕ್ಟರಮ್ಮ. ಹೆಚ್ಚಾದರೆ, ಹೊಟ್ಟೆ ಹಿಂಡಿದರೆ, ಜ್ವರ ಬಂದರೆ, ತಲೆ ಸುತ್ತಿ ಬಂದರೆ ತಕ್ಷಣ ಬರಬೇಕು. ಇಲ್ಲದಿದ್ದರೆ ಕಾಯಬೇಕು. ಬೇರೆ ಔಷಧಿ ಕೊಟ್ಟಿಲ್ಲ. ಕಾಯುವುದೇ ಔಷಧಿ ಎಂದರೆ ಯಾರ ಹೊಟ್ಟೆ ತಣ್ಣಗಾದೀತು?

ಅಕ್ಕನಿಗೆ ಫೋನ್ ಮಾಡಿ, ಕಣ್ಣು ಇನ್ನೂ ಮಂಜು, ಮುಂದಿನ ವಾರ ಬರುತ್ತೇನೆ ಎಂದೆ.

ಮಾರ್ಚ್ ೪

ಏನು ಹೋಗ್ತಿದೆ ಎಂದಳೋ ಆ ಶಬ್ದವನ್ನು ನಿನ್ನೆ ಬರೆದದ್ದು ಅವಳ ಬಾಯಿಂದ ಬಂದದ್ದೆಂದು. ನಾನಾಗಿ ಬರೆಯಲು ಪೆನ್ನು ಏಳುವುದಿಲ್ಲ. ‘ಅದು’ ಎಂದರೆ ನನಗೆ ತಿಳಿಯುತ್ತದೆ, ಸಾಕು.

ಅದು ಇಂದೂ ಇತ್ತಂತೆ. ನಾನು ಕೇಳಲಿಲ್ಲ. ಹೇಗೆ ಕೇಳುವುದು? ಬಚ್ಚಲ ಚಿಲಕ ಬಿದ್ದ ಸದ್ದಿಗೇ ಕೈಯಲ್ಲಿದ್ದುದನ್ನು ಬಿಟ್ಟು ಏಳುತ್ತೇನೆ. ಅವಳು ಹೊರಬರುವವರೆಗೆ ಕಿಟಕಿಯ ಬಳಿ ನಿಂತು ಏನೋ ನೋಡುವವನಂತೆ ನಟಿಸುತ್ತೇನೆ. ಎದುರಿಗಿರುವುದು ಪಕ್ಕದ ಕಟ್ಟಡದ ಗೋಡೆ. ಎಷ್ಟು ಹೊತ್ತು ನೋಡಿಯಾನು ಮನುಷ್ಯ ಒಂದು ಗೋಡೆಯನ್ನು?

ಮಧ್ಯಾಹ್ನ ಗಂಜಿ ಮಾಡಿದೆ. ತಳ ಹಿಡಿಯಿತು. ಅವಳು ಒಂದೂ ಮಾತಾಡದೆ ತಿಂದಳು. ಜೋರು ಬಾಯಿಯವಳು ಸುಮ್ಮನೆ ತಿಂದದ್ದು ನೋಡಿ ನನಗೆ ಭಯ ಹೆಚ್ಚಾಯಿತು.

ಮಾರ್ಚ್ ೬

ಸಂಜೆ ಅವಳೇ ಒಂದು ದಾರಿ ಕಂಡುಕೊಂಡಳು. ಬಚ್ಚಲಿಂದ ಬಂದವಳು ನಡುಮನೆಯಲ್ಲಿ ನಿಂತು, “ಮಾವ, ನಿಮಗೂ ಮುಜುಗರ, ನನಗೂ ಮುಜುಗರ. ನಾನು ಬರೀ ಬಣ್ಣ ಹೇಳ್ತೀನಿ. ಕಂದು ಅಂದ್ರೆ ಹಳೇದು, ಹೆದರ್ಬೇಕಾಗಿಲ್ಲ. ಕೆಂಪು ಅಂದ್ರೆ ಟ್ಯಾಕ್ಸಿ ಕರೀರಿ” ಎಂದಳು. ಸಿಗ್ನಲ್ ನೋಡಿಯೇ ತಲೆ ಹಣ್ಣಾದವನಿಗೆ ಇದು ಅರ್ಥವಾಗದೆ ಏನು. ಸರಿ ಎಂದೆ.

ಇಂದು ಕಂದು.

ಮಾರ್ಚ್ ೭

ಕಂದು.

ಮಾರ್ಚ್ ೯

ಕಂದು. ಆದರೆ ಹೇಳುವ ಮುಂಚೆ ಒಂದು ಕ್ಷಣ ತಡೆದಳು. ಆ ಒಂದು ಕ್ಷಣದಲ್ಲಿ ನಾನು ಸತ್ತು ಹುಟ್ಟಿದೆ.

ಮಗನ ಫೋನು ಬಂತು. ಹಡಗು ಯಾವುದೋ ಬಂದರಿನಲ್ಲಿದೆ. ಅವನಿಗೆ ಏನೂ ಹೇಳಕೂಡದೆಂದು ಸೊಸೆ ಮೊದಲೇ ನನ್ನ ಬಾಯಿಗೆ ಬೀಗ ಹಾಕಿದ್ದಳು. ನಡುನೀರಿನಲ್ಲಿ ಕೂತು ಅವನು ಏನು ಮಾಡಿಯಾನು, ಇಂಜಿನ್ ಮುಂದೆ ಕೈ ತಪ್ಪಿದರೆ ಎನ್ನುವುದು ಅವಳ ವಾದ. ಅವಳು ಅವನೊಡನೆ ನಗುನಗುತ್ತ ಮಾತಾಡಿದಳು. ಬಳಿಕ ಫೋನು ನನ್ನ ಕೈಗೆ ಬಂತು. “ಅಪ್ಪ, ಮನೇಲಿ ಎಲ್ಲ ಆರಾಮಾ?” ಎಂದ. ಆರಾಮ ಎಂದೆ. ಗಂಟಲು ಕಟ್ಟಿತು. ನೆಗಡಿ ಎಂದೆ. ಸುಳ್ಳು ಹೇಳುವುದರಲ್ಲಿ ನಾನು ಕಚ್ಚಾ. ಅವಳು ಇಷ್ಟು ಪಕ್ಕಾ ಎಂದು ಗೊತ್ತಿರಲಿಲ್ಲ. ಫೋನು ಇಟ್ಟ ಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು, ಊಟಕ್ಕೂ ಬರಲಿಲ್ಲ.

ಮಾರ್ಚ್ ೧೫

ಕೆಂಪು.

ಟ್ಯಾಕ್ಸಿ ಕರೆಯುವಾಗ ಮನೆಯ ವಿಳಾಸವೇ ಬಾಯಿಗೆ ಬರಲಿಲ್ಲ. ಅವಳು ಹಿಂದಿನಿಂದ ಹೇಳಿಕೊಟ್ಟಳು. ದಾರಿಯುದ್ದಕ್ಕೂ ಕಿಟಕಿಗೆ ತಲೆಯಾನಿಸಿ, ಕಾಲು ಬಿಗಿಹಿಡಿದು ಕೂತಿದ್ದಳು, ಬಿಗಿಹಿಡಿದರೆ ಒಳಗಿರುವುದು ಒಳಗೇ ಉಳಿಯುತ್ತದೆ ಎಂಬಂತೆ. ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ಅದರಲ್ಲಿ ಬಣ್ಣವೇ ಇರಲಿಲ್ಲ.

ಈ ಸಲ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ತಿರುಗಿ, “ಒಬ್ಳೇ ಹೋಗೋಕೆ ಆಗಲ್ಲ ಮಾವ” ಎಂದಳು. ಒಳಗೆ ಹೋದೆ. ಪರದೆಯ ಈಚೆ, ಅವಳ ತಲೆಯ ಕಡೆ ನಿಂತೆ. ಡಾಕ್ಟರಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಅವರು ಮಾತಾಡದಿದ್ದಷ್ಟು ಹೊತ್ತೂ ನಾನು ಮಗನಿಗೆ ಹೇಳಬೇಕಾದ ವಾಕ್ಯ ಜೋಡಿಸುತ್ತಿದ್ದೆ. ಒಂದೂ ಕೂಡಿಬರಲಿಲ್ಲ. ಆಮೇಲೆ ಟಿವಿಯನ್ನು ನಮ್ಮ ಕಡೆ ತಿರುಗಿಸಿದರು. ಬೂದು ಮಬ್ಬಿನ ನಡುವೆ ಅವರೆಕಾಳಿನಷ್ಟು ಏನೋ, ಅದರೊಳಗೆ ಮಿಣಿಮಿಣಿ ಒಂದು ಚುಕ್ಕಿ. “ನೋಡಿ, ಬಡೀತಿದೆ” ಎಂದರು.

ಹೊಸ ಕಣ್ಣಿನಿಂದ ಕಂಡ ಮೊದಲ ದೊಡ್ಡ ಸಂಗತಿ ಇದೇ ಇರಬೇಕು. ಆದರೂ ನೆಮ್ಮದಿಯಿಲ್ಲ. ಹೆಪ್ಪು ಮೊದಲಿಗಿಂತ ದೊಡ್ಡದಾಗಿದೆಯಂತೆ.

ಬರುವಾಗ ಔಷಧಿ ಅಂಗಡಿಯಲ್ಲಿ ಪ್ಯಾಡ್ ತರಬೇಕಾಗಿತ್ತು. ಅವಳನ್ನು ಟ್ಯಾಕ್ಸಿಯಲ್ಲೇ ಕೂರಿಸಿ ನಾನು ಇಳಿದೆ. ಹಿಂದೆ ಸಾಲು ನಿಂತಿತ್ತು. “ಅದು ಕೊಡಿ” ಎಂದೆ. ಯಾವುದು ಎಂದಳು ಅಂಗಡಿಯವಳು. ಹೆಂಗಸರದು ಎಂದೆ. ಅವಳು ತಲೆನೋವಿನ ಮುಲಾಮು ತಂದಿಟ್ಟಳು. ಕೊನೆಗೆ ಕಪಾಟಿನ ಕಡೆ ಬೆರಳು ಮಾಡಿ, ಎಲ್ಲರಿಗೂ ಕೇಳುವಂತೆ ಹೆಸರಿಟ್ಟೇ ಹೇಳಿದೆ. ಭೂಮಿ ಬಾಯಿಬಿಡಲಿಲ್ಲ. ಕಥೆ ಕೇಳಿ ಸೊಸೆ ನಕ್ಕಳು. ನಗಬೇಡ, ಹೊಟ್ಟೆ ಅಲುಗುತ್ತದೆ ಎಂದು ಗದರಿದೆ.

ಮಾರ್ಚ್ ೨೪

ಮಹಡಿ ಟೀಚರ್ ಬಂದಿದ್ದರು. ನಮ್ಮ ಮೇಲಿನ ಮನೆಯಲ್ಲಿರುವ ನಿವೃತ್ತ ಟೀಚರ್. ಒಳ್ಳೆಯವರು, ಹಣ್ಣು ತಂದಿದ್ದರು. ಆದರೆ ಕೂತ ಮೇಲೆ ಅವರ ತಂಗಿಗೆ ಏನಾಯಿತು, ತಂಗಿಯ ನಾದಿನಿಗೆ ಏನಾಯಿತು, ಯಾವ ತಿಂಗಳಲ್ಲಿ ಯಾರದ್ದು ಹೋಯಿತು ಎಂದು ಶುರು ಹಚ್ಚಿಕೊಂಡರು. ಸೊಸೆಯ ಮುಖ ನೋಡಿದೆ. ಎದ್ದು, ಟೀಚರಮ್ಮ, ಮಗು ಉಳಿದ ಕಥೆ ನಿಮ್ಮಲ್ಲಿದ್ದರೆ ಹೇಳಿ, ಇಲ್ಲದಿದ್ದರೆ ಟೀ ಕುಡಿಯಿರಿ ಎಂದುಬಿಟ್ಟೆ. ಪಾಪ, ಟೀ ಕುಡಿದರು.

ನನ್ನ ಗಂಜಿ ಈಗ ತಳ ಹಿಡಿಯುವುದಿಲ್ಲ.

ಏಪ್ರಿಲ್ ೨

ಬಚ್ಚಲಿಂದ ಬಂದು, “ಮಾವ, ಬಣ್ಣ ಇಲ್ಲ” ಎಂದಳು. ನಿನ್ನೆಯೂ ಇರಲಿಲ್ಲವಂತೆ, ಕಣ್ಣು ಬೀಳಬಾರದೆಂದು ಹೇಳಿರಲಿಲ್ಲ.

ಖುಷಿಯಾಗಬೇಕಿತ್ತು. ಆದರೆ ಇಷ್ಟು ದಿನ ಶತ್ರು ಎದುರಿಗೇ ಇದ್ದ, ಈಗ ಎಲ್ಲಿ ಅಡಗಿದ್ದಾನೋ ಎನಿಸುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಸದ್ದು ಮಾಡುತ್ತಿದ್ದರೆ ಡ್ರೈವರಿಗೆ ಒಂದು ಚಿಂತೆ, ಸದ್ದು ನಿಂತರೆ ಹತ್ತು ಚಿಂತೆ.

ಏಪ್ರಿಲ್ ೨೧

ಹೆಪ್ಪು ಕರಗುತ್ತಿದೆ. ನೀರಿಗಿಳಿಯದೆ ದಡದಲ್ಲಿ ಕೂತು ಕಲಿಸಬಹುದು ಎಂದಿದ್ದಾರೆ ಡಾಕ್ಟರಮ್ಮ. ಇಂದು ಮೊದಲ ದಿನ. ದಾರಿಯಲ್ಲಿ ಜಾರಿದರೆ ಎಂದು ನಾನೂ ಹೋದೆ. ನೆಲವೆಲ್ಲ ಒದ್ದೆ, ಮಕ್ಕಳೆಲ್ಲ ಓಡುವವರೇ. ಬೆಂಚಿನ ಮೇಲೆ ಮುಳ್ಳಿನ ಮೇಲೆ ಕೂತವನಂತೆ ಕೂತಿದ್ದೆ. ಅವಳು ಕುರ್ಚಿಯಿಂದ ಏಳದೆ ಕೊಳವನ್ನೆಲ್ಲ ಹಿಡಿತದಲ್ಲಿಟ್ಟಿದ್ದಳು. ಮುಖ ನೀರಿಗಿಡಲು ಹೆದರಿ ಅಳುತ್ತಿದ್ದ ಒಂದು ಮಗುವಿಗೆ ಹೇಳುತ್ತಿದ್ದಳು: “ಹೆದರಿಕೆ ಹೋಗ್ಲಿ ಅಂತ ಕಾಯ್ಬೇಡ. ಹೆದರ್ಕೊಂಡೇ ಉಸಿರು ಬಿಡು.”

ಮಗನಿಗೆ ನಿನ್ನೆ ಎಲ್ಲ ಹೇಳಿದ್ದಾಳೆ. ಅವನು ಅತ್ತನಂತೆ. ನನ್ನ ಮೇಲೆ ಸಿಟ್ಟಿದೆಯಂತೆ, ನೆಗಡಿ ಅಂದದ್ದಕ್ಕೆ.

ಜೂನ್ ೯

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ದೇವರು ದೊಡ್ಡವನು.

ಇಂದು ದೊಡ್ಡ ಸ್ಕ್ಯಾನ್. ಕೈ, ಕಾಲು, ಬೆನ್ನೆಲುಬು, ಹೃದಯದ ನಾಲ್ಕು ಕೋಣೆ, ಎಲ್ಲ ಸರಿಯಿದೆ. ನಮ್ಮ ಹುಡುಗಿಗೆ ಹೊಟ್ಟೆಯೊಳಗಿನ ಒದೆ ಗೊತ್ತಾಗುತ್ತಿದೆ. ಒದ್ದಾಗಲೆಲ್ಲ ‘ಈಜ್ತಿದೆ’ ಎನ್ನುತ್ತಾಳೆ.

ಹೊರಡುವಾಗ ಡಾಕ್ಟರಮ್ಮ ಒಂದು ಮಾತು ಹಾಕಿದರು. ಮೊದಲ ತಿಂಗಳುಗಳಲ್ಲಿ ‘ಅದು’ ಹೋದವರಿಗೆ ಹೊತ್ತಿಗೆ ಮುಂಚೆ ಹೆರಿಗೆಯಾಗುವ ಸಂಭವ ಸ್ವಲ್ಪ ಹೆಚ್ಚಂತೆ, ಆದ್ದರಿಂದ ಪದೇಪದೇ ನೋಡುತ್ತಾರಂತೆ. ಸ್ವಲ್ಪ ಎಂದರೆ ಎಷ್ಟು ಎಂದೆ. “ಹೆಚ್ಚಿನವರಿಗೆ ಹೊತ್ತಿಗೆ ಸರಿಯಾಗೇ ಆಗತ್ತೆ. ನೀವೂ ಆ ಹೆಚ್ಚಿನವರು ಅಂದ್ಕೊಳ್ಳಿ” ಎಂದರು.

ಜೀವಮಾನವಿಡೀ ಜನರನ್ನು ಸಾಗಿಸಿದವನು ನಾನು. ಆ ಮಾತಿನ ಬೆಲೆ ನನಗೆ ಗೊತ್ತು. ರಸ್ತೆಯಲ್ಲಿ ಉಳಿಯದೆ ಹೋದವರೂ ಬೆಳಿಗ್ಗೆ ಮನೆ ಬಿಡುವಾಗ ಹೆಚ್ಚಿನವರೆಂದುಕೊಂಡೇ ಹೊರಟಿರುತ್ತಾರೆ.

ಅಕ್ಕ ಫೋನಿನಲ್ಲಿ, ನಿನ್ನ ಕಣ್ಣು ಇನ್ನೂ ಮಂಜೇನೋ ಎಂದು ಕೇಳಿದಳು. ಹಾಸ್ಯಕ್ಕೋ ಸಿಟ್ಟಿಗೋ ತಿಳಿಯಲಿಲ್ಲ. ಬರಲಾಗುವುದಿಲ್ಲ ಎಂದು ಹೇಳಿಬಿಟ್ಟೆ.

ಜುಲೈ ೧೪

ಹುಡುಗಿ ನೆಲಕ್ಕೆ ಬಿದ್ದದ್ದನ್ನು ಎತ್ತಲು ಬಗ್ಗಿದಳು. ಕೂಗಿದೆ. ಬೆಚ್ಚಿಬಿದ್ದಳು. ಕೂಗಿದ್ದಕ್ಕೆ ಏನಾದರೂ ಆಯಿತೋ ಎಂದು ಸಂಜೆಯವರೆಗೆ ಬೆವರಿದೆ. ರಾತ್ರಿ ಊಟಕ್ಕೆ ಕೂತಾಗ, “ಮಾವ, ಹೆರೋದು ನಾನಾ ನೀವಾ?” ಎಂದಳು.

ಹೊಟ್ಟೆ ಆಗಾಗ ಕಲ್ಲಿನಂತೆ ಬಿಗಿಯುತ್ತದಂತೆ, ಮತ್ತೆ ಸಡಿಲವಾಗುತ್ತದಂತೆ. ಅದು ಸಹಜ ಎಂದಿದ್ದಾರೆ. ಸಹಜ ಎಂಬ ಶಬ್ದ ಕೇಳಿದರೆ ಈಗ ಟ್ಯಾಕ್ಸಿಯ ನಂಬರು ಹುಡುಕುತ್ತೇನೆ.

ಆಗಸ್ಟ್ ೯

ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಬರೆದರೆ ಹೊತ್ತು ಹೋದೀತು.

ಊಟ ಮುಗಿಸಿ ಅವಳು ಏಳುವಾಗ ಕುರ್ಚಿಯ ಕೆಳಗೆ ನೀರು ಹರಿಯಿತು. ಲೋಟ ಚೆಲ್ಲಿತೇನೋ ಎಂದು ಬಟ್ಟೆ ತರಲು ಹೊರಟೆ. ಲೋಟ ಮೇಜಿನ ಮೇಲೆ ತುಂಬಿದಂತೆಯೇ ಇತ್ತು. ಅವಳು ಮೇಜಿನ ಅಂಚು ಹಿಡಿದು ನಿಂತು, “ಮಾವ, ನೀರೊಡೀತು. ಇನ್ನೂ ಎರಡು ತಿಂಗಳಿದೆ” ಎಂದಳು. ನೀರಿನಲ್ಲಿ ರಕ್ತದ ಎಳೆಗಳಿದ್ದವು.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಈ ಸಲ ವಿಳಾಸ ಮರೆಯಲಿಲ್ಲ. ಬಾಗಿಲ ಹಿಂದಿದ್ದ ನನ್ನ ಚೀಲ ಸುರಿದು ಅವಳ ಬಟ್ಟೆ ತುಂಬಿದೆ. ಆಂಬುಲೆನ್ಸಿನವನು ಹುಚ್ಚು ಓಟ ಓಡಿಸಿದ. ತಿರುವಿನಲ್ಲಿ ಗೇರ್ ಬದಲಿಸಿದ ರೀತಿಗೆ ನನ್ನ ಹಲ್ಲು ಕಟಕಟಿಸಿತು. ನಿಧಾನ ಕಣಪ್ಪ ಎಂದು ಕಿರುಚಿದೆ. ಆಗ ಅವಳು ಮಲಗಿದಲ್ಲಿಂದಲೇ ನನ್ನ ಮಣಿಕಟ್ಟು ಹಿಡಿದಳು.

“ಅವನು ಓಡಿಸ್ಲಿ ಮಾವ. ನೀವು ನನ್ನ ಕೈ ಹಿಡ್ಕೊಳ್ಳಿ.”

ಹಿಡಿದೆ. ಇಳಿಯುವವರೆಗೂ ಬಿಡಲಿಲ್ಲ. ಎಂಥ ಹಿಡಿತ ಅವಳದು. ಬೆರಳುಗಳ ಗುರುತು ಇನ್ನೂ ಇದೆ.

ಆಗಸ್ಟ್ ೧೦

ಮಗುವಿನ ಶ್ವಾಸಕೋಶ ಬಲಿಯಲೆಂದು ಅವಳಿಗೆ ಇಂಜೆಕ್ಷನ್ ಕೊಟ್ಟಿದ್ದಾರೆ. ನಿನ್ನೆ ಒಂದು, ಇಂದು ಒಂದು. ಅದು ಕೆಲಸ ಮಾಡುವವರೆಗೆ ಹೆರಿಗೆ ತಡೆದರೆ ಒಳ್ಳೆಯದು ಎನ್ನುತ್ತಾರೆ. ಹೇಗೆ ತಡೆಯುವುದು? ಇಳಿಜಾರಿಗೆ ಬಿಟ್ಟ ಬಂಡಿ.

ಮಗನ ಹಡಗಿಗೆ ಸುದ್ದಿ ಮುಟ್ಟಿಸಿದ್ದಾರೆ. ಮುಂದಿನ ಬಂದರಿನಲ್ಲಿ ಇಳಿಸುತ್ತಾರಂತೆ. ಆ ಬಂದರು ಇನ್ನೂ ಎಷ್ಟೋ ನೀರಿನಾಚೆ.

ಅವಳು ನೋವಿನ ನಡುವೆ ಉಸಿರು ಎಳೆದು ಬಿಡುತ್ತಿದ್ದಳು, ಕೊಳದಲ್ಲಿ ಮಕ್ಕಳಿಗೆ ಹೇಳಿಕೊಡುವಂತೆಯೇ. ಒಮ್ಮೆ ಎಣಿಕೆ ತಪ್ಪಿತು. ಕಣ್ಣು ನನ್ನ ಕಡೆ ತಿರುಗಿತು. ಎಳಿ ಮಗಳೇ, ಬಿಡು ಮಗಳೇ ಎಂದೆ. ಬೇರೆ ಏನು ಹೇಳಲಿ.

ಆಗಸ್ಟ್ ೧೨

ಹೆಣ್ಣು. ನಿನ್ನೆ ಸಂಜೆ. ಒಂದೂವರೆ ಕಿಲೋಗೂ ಕಡಿಮೆ.

ಅತ್ತಳಂತೆ, ಬೆಕ್ಕಿನ ಮರಿಯಂತೆ ಒಂದೇ ಸಲ. ತಾಯಿಗೆ ಒಂದು ನಿಮಿಷ ತೋರಿಸಿ ಎತ್ತಿಕೊಂಡು ಓಡಿದರಂತೆ. ನನ್ನ ಮುಂದೆಯೇ ಹೋದರು. ನರ್ಸುಗಳ ಬೆನ್ನು ಬಿಟ್ಟರೆ ನನಗೆ ಏನೂ ಕಾಣಲಿಲ್ಲ.

ಆಗಸ್ಟ್ ೧೩

ಕೂಸನ್ನು ನೋಡಿದೆ.

ಗಾಜಿನ ಪೆಟ್ಟಿಗೆ. ಒಳಗೆ ನನ್ನ ಅಂಗೈಗೆ ತುಸು ಹೆಚ್ಚು. ಮೂಗಿಗೆ ಗಾಳಿ ತಳ್ಳುವ ಕೊಳವೆ, ಬಾಯಿಗೆ ಹಾಲಿನದು, ಕಾಲಿಗೆ ಕೆಂಪು ದೀಪದ ಪಟ್ಟಿ. ಚರ್ಮದ ಕೆಳಗೆ ನರಗಳೆಲ್ಲ ಕಾಣುತ್ತವೆ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬೀಳುತ್ತದೆ. ಒಂದೊಂದು ಉಸಿರೂ ದಿಬ್ಬ ಹತ್ತುವ ಹಳೆಯ ಬಸ್ಸು. ನಿಂತರೆ ಹಿಂದಕ್ಕೇ.

ತಾಯಿಗೆ ಜ್ವರ. ನೀರು ಮೊದಲೇ ಹೋದದ್ದರಿಂದ ಒಳಗೆ ಸೋಂಕಾಗಿದೆಯಂತೆ. ಎರಡೂ ಕೈಗೆ ಸೂಜಿ. ಜ್ವರ ಇಳಿಯುವವರೆಗೆ ಕೂಸಿನ ವಾರ್ಡಿಗೆ ಬರುವಂತಿಲ್ಲ. ಹೇಗಿದ್ದಾಳೆ ಎಂದು ಕೇಳಿದಳು. ಚೆನ್ನಾಗಿದ್ದಾಳೆ ಎಂದೆ. “ಮಾವ, ನಿಮಗೆ ಸುಳ್ಳು ಹೇಳೋಕೆ ಬರಲ್ಲ” ಎಂದಳು. ಆಮೇಲೆ ಕಂಡದ್ದನ್ನೆಲ್ಲ ಹೇಳಿದೆ, ಪಕ್ಕೆಲುಬಿನ ಗುಳಿಯನ್ನೂ. ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಕೂದಲು ಇದೆಯಾ ಎಂದಳು. ಇದೆ, ಕಪ್ಪಗೆ, ನಿನ್ನ ಹಾಗೆ ಎಂದೆ. ಅದು ನಿಜ.

ಆಗಸ್ಟ್ ೧೫

ನನಗೆ ಹೊಸ ರೂಟು ಸಿಕ್ಕಿದೆ. ತಾಯಂದಿರ ವಾರ್ಡಿನಿಂದ ಕೂಸುಗಳ ವಾರ್ಡಿಗೆ. ಮಗಳು ಹಿಂಡಿ ಕೊಟ್ಟ ಎದೆಹಾಲು ಬೆರಳುದ್ದದ ಬಾಟಲಿಯಲ್ಲಿ, ತಳ ಮುಚ್ಚುವಷ್ಟು. ಅಷ್ಟನ್ನು ಹಿಂಡುವಷ್ಟರಲ್ಲಿ ಅವಳು ಜ್ವರದಲ್ಲಿ ಬೆವತು ಒದ್ದೆಯಾಗುತ್ತಾಳೆ. ಅವಳ ಔಷಧಿಯಿಂದ ಹಾಲಿಗೆ ತೊಂದರೆಯಿಲ್ಲವೆಂದು ಎರಡು ಸಲ ಕೇಳಿಕೊಂಡೇ ಒಯ್ಯುತ್ತೇನೆ. ಇಡೀ ಬಸ್ಸಿನ ಜನರನ್ನು ಹೊತ್ತಾಗಲೂ ಇಷ್ಟು ಎಚ್ಚರದಿಂದ ತಿರುವು ತೆಗೆದುಕೊಂಡಿರಲಿಲ್ಲ. ಎದುರಿಗೆ ತಳ್ಳುಗಾಡಿ ಬಂದರೆ ಗೋಡೆಗೆ ಅಂಟಿ ನಿಲ್ಲುತ್ತೇನೆ.

ಎರಡನೆಯ ಸಲ ಹೋದಾಗ ಕೂಸಿನ ಪೆಟ್ಟಿಗೆಯ ಯಂತ್ರ ಕೂಗಿಕೊಳ್ಳುತ್ತಿತ್ತು. ಮೈ ಬೂದುಬಣ್ಣಕ್ಕೆ ತಿರುಗಿತ್ತು. ದಪ್ಪ ಕನ್ನಡಕದ ನರ್ಸ್ ಓಡಿ ಬಂದು ಕೈ ತೂರಿಸಿ ಅಂಗಾಲು ತಟ್ಟಿದಳು. ಕೂಸು ಮುಖ ಕಿವಿಚಿ ಉಸಿರೆಳೆಯಿತು. ಬಾಟಲಿ ನನ್ನ ಮುಷ್ಟಿಯಲ್ಲೇ ಇತ್ತು. ಅದನ್ನು ಎದೆಗೊತ್ತಿಕೊಂಡು ಗೋಡೆ ಹಿಡಿದು ನಿಂತಿದ್ದೆ. ನರ್ಸ್ ಕುರ್ಚಿ ತಂದಳು. ಹೊತ್ತಿಗೆ ಮುಂಚೆ ಬಂದ ಕೂಸುಗಳು ಹೀಗೇ, ಉಸಿರಾಡುವುದನ್ನೇ ಮರೆತುಬಿಡುತ್ತವೆ, ಜ್ಞಾಪಿಸಬೇಕು ಎಂದಳು. ದಿನಕ್ಕೆ ಹತ್ತು ಸಲ ಹೇಳುವವಳಂತೆ ಹೇಳಿದಳು.

ಮಗಳಿಗೆ ಇದನ್ನು ಹೇಳಲಿಲ್ಲ. ಹೇಳದೇ ಇರಲೂ ಆಗದೆ ಸಂಜೆ ಹೇಳಿದೆ.

ಆಗಸ್ಟ್ ೧೭

ಜ್ವರ ಇಳಿದಿಲ್ಲ. ಔಷಧಿ ಬದಲಿಸಿದ್ದಾರೆ. ಕೂಸು ನಿನ್ನೆ ಮೂರು ಸಲ ಮರೆಯಿತು.

ಏನೂ ಬರೆಯಲಾರೆ.

ಆಗಸ್ಟ್ ೧೯

ಇಂದು ನಡೆದದ್ದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ಹಾಲು ಕೊಟ್ಟು ಹೊರಡುವಾಗ ಕನ್ನಡಕದ ನರ್ಸ್ ತಡೆದಳು. ಇಂಥ ಕೂಸುಗಳನ್ನು ಬರಿಮೈಗೆ ಬರಿಮೈ ತಾಗುವಂತೆ ಎದೆಯ ಮೇಲೆ ಹಾಕಿಕೊಂಡರೆ ಮೈಶಾಖ ನಿಲ್ಲುತ್ತದಂತೆ, ಉಸಿರೂ ಹದಕ್ಕೆ ಬರುತ್ತದಂತೆ. ತಾಯಿಗೆ ಆಗುತ್ತಿಲ್ಲ, ತಂದೆ ಎಲ್ಲಿ ಎಂದಳು. ಸಮುದ್ರದಲ್ಲಿ ಎಂದೆ. ಅಜ್ಜಿಯರು? ಒಬ್ಬರು ಗಂಡನ ಹಾಸಿಗೆ ಬಿಟ್ಟು ಬರುವಂತಿಲ್ಲ, ಒಬ್ಬಳು ಇಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಹಾಗಾದ್ರೆ ನೀವೇ. ಬೀಡಿ ಸಿಗರೇಟು ಇಲ್ಲ ತಾನೆ? ಸ್ನಾನ ಮಾಡಿ ಬನ್ನಿ. ಅಂಗಿ ಬಿಚ್ಬೇಕಾಗತ್ತೆ.”

ಈ ವಯಸ್ಸಿನಲ್ಲಿ, ಅಷ್ಟು ಜನ ಹೆಂಗಸರಿರುವ ವಾರ್ಡಿನಲ್ಲಿ, ನರೆತ ಎದೆ ಬಿಟ್ಟುಕೊಂಡು ಕೂರುವುದೇ? ನಾಲಿಗೆಯ ತುದಿಗೆ ಬಂದದ್ದು ಅದು. ಆಡಿದ ಮಾತು ಬೇರೆ. ಮಗಳನ್ನು ಒಂದು ಮಾತು ಕೇಳಿ ಬರುತ್ತೇನೆ ಎಂದೆ.

ಅವಳಿಗೆ ಹೇಳಿದೆ. ಗೋಡೆಯ ಕಡೆ ಮುಖ ತಿರುಗಿಸಿದಳು. ಇಷ್ಟು ತಿಂಗಳಲ್ಲಿ ನನ್ನ ಎದುರು ಅತ್ತದ್ದು ಇಂದೇ. ಬೇಡದಿದ್ದರೆ ಬೇಡಮ್ಮ, ನೀನೇ ಮೊದಲು ಎತ್ತಿಕೊಳ್ಳುವೆಯಂತೆ, ಕಾಯೋಣ ಎಂದೆ.

ಕಣ್ಣೊರೆಸಿಕೊಂಡು ಈ ಕಡೆ ತಿರುಗಿದಳು. “ನನಗಿಂತ ಮುಂಚೆ ಇನ್ಯಾರೂ ಎತ್ಕೋಬಾರ್ದು ಅಂತ ಇತ್ತು ಮಾವ. ಆದ್ರೆ ಯಾರೂ ಎತ್ಕೊಳ್ದೆ ಮಲಗಿರೋದು ಅದಕ್ಕಿಂತ ಕಷ್ಟ. ಹೋಗಿ. ಎತ್ಕೊಳ್ಳಿ. ಅಮ್ಮ ಬರ್ತಾಳೆ ಅಂತ ಹೇಳಿ.”

ಸ್ನಾನ ಮಾಡಿದೆ. ಅಂಗಿ ಬಿಚ್ಚಿದೆ. ಒರಗುಕುರ್ಚಿಯಲ್ಲಿ ಕೂರಿಸಿದರು. ಕೊಳವೆಗಳ ಸಮೇತ ಕೂಸನ್ನು ಎತ್ತಿ ತಂದು ನನ್ನ ಎದೆಯ ನಡುವೆ ಕಪ್ಪೆಯಂತೆ ಮಲಗಿಸಿ, ಮೇಲೆ ಬಟ್ಟೆ ಸುತ್ತಿದರು. ತೂಕವೇ ಇಲ್ಲ. ಬಿಸಿ ಮಾತ್ರ ಇದೆ. ಕೈ ಎಲ್ಲಿಡಲಿ ಎಂದೆ. ನನ್ನ ಒಂದು ಕೈಯನ್ನು ಅದರ ಬೆನ್ನಿನ ಮೇಲೆ, ಇನ್ನೊಂದನ್ನು ಕುಂಡೆಯ ಕೆಳಗೆ ಇಟ್ಟಳು ನರ್ಸ್. ಸ್ಟೇರಿಂಗ್ ಹಿಡಿದು ಗೆಣ್ಣು ದಪ್ಪಗಾದ ಕೈ. ಒತ್ತಿಬಿಟ್ಟರೆ ಎಂದು ಇಟ್ಟೂ ಇಡದಂತೆ ಇಟ್ಟೆ.

ಅಮ್ಮ ಬರುತ್ತಾಳೆ ಎಂದು ಹೇಳಿದೆ. ಮತ್ತೇನು ಮಾತಾಡಬೇಕು ತಿಳಿಯಲಿಲ್ಲ. ನನ್ನ ಹಳೆಯ ರೂಟಿನ ನಿಲ್ದಾಣಗಳನ್ನು ಒಂದೊಂದಾಗಿ ಹೇಳುತ್ತ ಹೋದೆ. ನೀರಿನ ಟ್ಯಾಂಕು, ಹಳೇ ಕೋರ್ಟು, ಹೂವಿನ ಮಾರ್ಕೆಟ್ಟು, ಗಿರಣಿ ಗೇಟು. ಗಿರಣಿ ಗೇಟು ದಾಟುವಷ್ಟರಲ್ಲಿ ಎದೆಯ ಮೇಲಿನ ಅಲುಗಾಟ ನಿಂತಿತು.

ಯಂತ್ರ ಕೂಗುವುದಕ್ಕೆ ಮೊದಲೇ ನನಗೆ ತಿಳಿಯಿತು. ನರ್ಸ್ ಆ ತುದಿಯಲ್ಲಿ ಇನ್ನೊಂದು ಪೆಟ್ಟಿಗೆಯೊಳಗೆ ಕೈಯಿಟ್ಟಿದ್ದಳು. ಅಲ್ಲಿಂದಲೇ, “ಬೆನ್ನು ಉಜ್ಜಿ ತಾತ, ಹೆದರ್ಬೇಡಿ, ಉಜ್ಜಿ” ಎಂದಳು. ಹೆದರದಿರುವುದು ನನ್ನ ಕೈಲಿರಲಿಲ್ಲ, ಉಜ್ಜುವುದಿತ್ತು. ಉಜ್ಜಿದೆ. ಏನೂ ಇಲ್ಲ. ಮತ್ತೆ ಉಜ್ಜಿದೆ, ಈ ಸಲ ಕೈ ಊರಿ. ನನ್ನ ಬೆರಳಿನ ಕೆಳಗೆ ಆ ಬೆನ್ನು ಒಮ್ಮೆ ಬಿಲ್ಲಿನಂತೆ ಬಾಗಿತು. ಬಿಕ್ಕಿತು. ಎದೆಯ ಕೂದಲನ್ನು ಒಂದು ಉಗುರು ಗೀರಿತು. ಆಮೇಲೆ ಅಲುಗಾಟ ಶುರುವಾಯಿತು. ಕೂಸಿನದ್ದೋ ನನ್ನದೋ ಮೊದಲಿಗೆ ಹೇಳಲಾಗಲಿಲ್ಲ.

ಉಸಿರು ಎಳೆಯಲು ಹೇಳುವವರು ಬಿಡಲೂ ಹೇಳಬೇಕಲ್ಲ. ಎಳಿ ಪುಟ್ಟಿ, ಬಿಡು ಪುಟ್ಟಿ ಎನ್ನುತ್ತ ಕೂತಿದ್ದೆ. ಎಷ್ಟು ಹೊತ್ತೋ. ವಾರ್ಡಿನಲ್ಲಿ ಯಾರಿದ್ದರು, ಯಾರು ನೋಡಿದರು, ಒಂದೂ ನೆನಪಿಲ್ಲ.

ಆಗಸ್ಟ್ ೨೪

ಜ್ವರ ಇಳಿದು ಎರಡು ದಿನವಾಯಿತು. ಇಂದು ಮಗಳನ್ನು ಗಾಲಿಕುರ್ಚಿಯಲ್ಲಿ ನಾನೇ ತಳ್ಳಿಕೊಂಡು ಹೋದೆ. ಸೊರಗಿ ಕಡ್ಡಿಯಾಗಿದ್ದಾಳೆ. ಕೂಸಿನ ಮೂಗಿನ ದೊಡ್ಡ ಕೊಳವೆ ತೆಗೆದು ಸಣ್ಣದು ಹಾಕಿದ್ದಾರೆ. ಕೂಸನ್ನು ಪೆಟ್ಟಿಗೆಯಿಂದ ಎತ್ತಿ ಅವಳ ಎದೆಗೆ ಹಾಕಿದರು. ಅವಳು ಉಸಿರು ಬಿಗಿಹಿಡಿದು, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನಾನು ಆಚೆ ಹೋಗಲು ಎದ್ದೆ. “ಇಲ್ಲೇ ಇರಿ” ಎಂದಳು, ನನ್ನ ಕಡೆ ನೋಡದೆಯೇ.

ಸ್ವಲ್ಪ ಹೊತ್ತಿಗೆ ಯಂತ್ರ ಕೂಗಿತು. ನೀರಿನಿಂದ ಎಷ್ಟೋ ಮಕ್ಕಳನ್ನು ಎತ್ತಿ ತಂದವಳು ಕಲ್ಲಾಗಿ ಕೂತಳು. ನಾನು ಕೈ ಚಾಚಿ, ಅವಳ ಕೈ ಹಿಡಿದು ಕೂಸಿನ ಬೆನ್ನಿನ ಮೇಲೆ ಆಡಿಸಿದೆ. “ಮರೀತಾಳೆ ಅಷ್ಟೆ ಮಗಳೇ. ನೀನು ಜ್ಞಾಪಿಸ್ಬೇಕು. ಸ್ವಲ್ಪ ಜೋರಾಗೇ.” ಕೂಸು ಬಿಕ್ಕಿ, ಉಸಿರೆಳೆದು, ಕೊಳವೆಯನ್ನು ಬೈಯುವವಳಂತೆ ಮುಖ ಮಾಡಿತು. ಮಗಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ಮಗ ದಡ ಮುಟ್ಟಿದ್ದಾನೆ, ನಾಳಿದ್ದು ಬರುತ್ತಾನೆ. ಮನೆಗೆ ಯಾವಾಗ ಎಂದು ಕೇಳಿದರೆ ಡಾಕ್ಟರು ಇನ್ನೂ ತಿಂಗಳ ಮಾತಾಡುತ್ತಾರೆ. ತೂಕ ಏರಬೇಕು, ತಾನಾಗಿ ಚೀಪಬೇಕು, ಮರೆಯುವುದನ್ನು ಮರೆಯಬೇಕು. ಸೋಂಕಿನ ಭಯ, ಕಣ್ಣಿನ ಪರೀಕ್ಷೆ ಎಲ್ಲ ಬಾಕಿಯಿದೆ. ಯಾವುದನ್ನೂ ಯಾರೂ ಬರೆದುಕೊಟ್ಟಿಲ್ಲ.

ಬೆಳಗಿನ ಸರದಿ ನನ್ನದೇ ಇರಲಿ, ಆ ಹೊತ್ತಿಗೆ ಮಗಳು ನಿದ್ದೆ ಮಾಡಲಿ ಎಂದಿದ್ದಾಳೆ ನರ್ಸ್. ಹೊರಡುವಾಗ ನನ್ನ ಬೆರಳು ಹಿಡಿದು ನೋಡಿ, ತಾತ, ಉಗುರು ಬೆಳೆದಿದೆ ಎಂದು ಗದರಿದಳು. ಬಂದ ಕೂಡಲೇ ಹತ್ತನ್ನೂ ಕತ್ತರಿಸಿ, ಕೆನ್ನೆಗೆ ಉಜ್ಜಿ ನೋಡಿಕೊಂಡೆ. ಎಡ ಹೆಬ್ಬೆರಳು ಇನ್ನೂ ತುಸು ಒರಟಾಗಿದೆ.